ನಮ್ಮ ಭಾವ ಕಾರಿಗೆ ಟರ್ಬೊ ಕೂರಿಸಿದ್ದು

ನಾನು ಓದು ನಿಲ್ಲಿಸಿದ್ದು ೧೯೬೭ರಲ್ಲಿ, ಒಂಬತ್ತನೇ ಕ್ಲಾಸಿನ ಅರ್ಧಕ್ಕೆ. ಅಪ್ಪ ಹಾಸಿಗೆ ಹಿಡಿದಿದ್ದರು. ತುಮಕೂರಿನ ಒಂದು ಲೇತು ಶಾಪಿಗೆ ಸೇರಿದೆ, ಕಬ್ಬಿಣ ಕಡೆಯುವುದು ಕಲಿತೆ, ಹನ್ನೊಂದು ವರ್ಷ ಬೇರೆಯವರ ಮೆಷಿನ್ನು ತಿರುಗಿಸಿ, ಆಮೇಲೆ ಬಿ.ಎಚ್. ರಸ್ತೆಯಲ್ಲಿ ನನ್ನದೇ ಶಾಪು ಹಾಕಿದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸರಿ, ಜಂಬಕ್ಕೇ ಹೇಳುತ್ತಿದ್ದೇನೆ, ಅದರಲ್ಲೇನು ತಪ್ಪು? ಆದರೆ ಮೊದಲೇ ಹೇಳಿಬಿಡುವುದಕ್ಕೆ ಇನ್ನೊಂದು ಕಾರಣವಿದೆ. ನಾನು ಹೇಳದಿದ್ದರೆ ನಮ್ಮ ಭಾವ ಹೇಳುತ್ತಾರೆ. ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾರೆ. "ನಮ್ ಬಾಮೈದ ಎಂಟೂವರೆ ಓದವ್ನೆ!" ಎಂಟಲ್ಲ, ಒಂಬತ್ತಲ್ಲ, ಎಂಟೂವರೆ!

ನಮ್ಮ ಭಾವನಷ್ಟು ಬುದ್ಧಿವಂತರು ಗುಬ್ಬಿ ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ. ಇದ್ದಿದ್ದರೆ ತಾಲ್ಲೂಕು ಉಳಿಯುತ್ತಿರಲಿಲ್ಲ.

ಭಾವ ಅಂದರೆ ನನ್ನ ಒಬ್ಬಳೇ ಅಕ್ಕನ ಗಂಡ. ಗುಬ್ಬಿಯಲ್ಲಿ ಕೊಬ್ಬರಿ ಮಂಡಿ ಇದೆ, ಬಿ.ಎಸ್ಸಿ. ಮುಗಿಸಿದ್ದಾರೆ. ಅವರು ಅದನ್ನು ಮುಗಿಸಿದರೋ ಅದು ಅವರನ್ನು ಮುಗಿಸಿತೋ ನನಗೆ ಗೊತ್ತಿಲ್ಲ. ಬೇರೆ ಯಾರೇ ಆಗಿದ್ದರೂ ಶಾಪಿನ ಬಾಗಿಲಲ್ಲೇ ನಿಲ್ಲಿಸಿ ಉಗಿದು ಕಳಿಸುತ್ತಿದ್ದೆ. ಆದರೆ ಅಕ್ಕನ ಗಂಡ! ನಮ್ಮ ಕಡೆ ಅಕ್ಕನ ಗಂಡ ಬಂದರೆ ಎದ್ದು ನಿಲ್ಲಬೇಕು, "ಬನ್ನಿ ಭಾವ, ಕೂತ್ಕಳಿ" ಅನ್ನಬೇಕು, ಕಾಫಿ ತರಿಸಬೇಕು. ಹೊಟ್ಟೆಯೊಳಗೆ ಬೆಂಕಿ ಉರಿಯುತ್ತಿದ್ದರೂ ಸಕ್ಕರೆ ಎಷ್ಟು ಅಂತ ಕೇಳಬೇಕು. ಇಷ್ಟು ವರ್ಷ ನಾನು ನುಂಗಿರುವ ಕೋಪವನ್ನು ಒಂದು ಬಾಯ್ಲರಿಗೆ ತುಂಬಿದ್ದರೆ ಅರಸೀಕೆರೆವರೆಗೆ ರೈಲು ಓಡಿಸಬಹುದಿತ್ತು.

ಅವರ ಹುಚ್ಚು ಶುರುವಾಗಿದ್ದು ರುಬ್ಬುವ ಕಲ್ಲಿನಿಂದ. ಅಕ್ಕನ ಕೈ ನೋಯುತ್ತದೆ ಅಂತ ಒಂದು ಹಳೇ ಸ್ಕೂಟರಿನ ಎಂಜಿನ್ನು ತಂದು ರುಬ್ಬುವ ಕಲ್ಲಿಗೆ ಬೆಲ್ಟು ಹಾಕಿದರು. ಒಳ್ಳೇದೇ. ಆದರೆ ಸ್ಕೂಟರಿನ ಎಂಜಿನ್ನಿಗೆ ಉದ್ದಿನ ಬೇಳೆ ಯಾವುದು, ರಸ್ತೆ ಯಾವುದು ಅಂತ ಗೊತ್ತಾಗುತ್ತದೆಯೇ? ಕಿಕ್ ಹೊಡೆದ ತಕ್ಷಣ ಹಿಟ್ಟು ಅಡುಗೆಮನೆಯ ಸೂರಿನ ಹೆಂಚಿಗೆ ಹೋಗಿ ಅಂಟಿಕೊಂಡಿತು. ಉಳಿದ ಹಿಟ್ಟಿನಲ್ಲಿ ಅಕ್ಕ ಇಡ್ಲಿ ಮಾಡಿದಳು. ಆ ದಿನ ನಾನೂ ಅಲ್ಲಿದ್ದೆ. ಭಾವ ಕೇಳಿದರು, "ಹೆಂಗಯ್ಯಾ ಇಡ್ಲಿ?"

"ಚೆನ್ನಾಗೈತೆ ಭಾವ, ಪೆಟ್ರೋಲ್ ಸ್ವಲ್ಪ ಜಾಸ್ತಿ ಆಗೈತೆ" ಅಂದೆ.

"ಹೌದಾ? ಮಿಕ್ಸ್ಚರ್ ಸರಿ ಮಾಡ್ತೀನಿ ಬುಡು" ಅಂದರು. ಬೇಸರ ಮಾಡಿಕೊಳ್ಳುವ ಜಾತಿಯೇ ಅಲ್ಲ!

ಇಷ್ಟರಲ್ಲೇ ನಿಂತಿದ್ದರೆ ನಾನು ಯಾಕೆ ಬರೆಯುತ್ತಿದ್ದೆ? ಎಂಬತ್ತಮೂರರಲ್ಲಿ ಅವರು ಕಾರು ಕೊಂಡರು. ಕುಣಿಗಲ್ಲಿನ ಹತ್ತಿರ ಒಬ್ಬ ಮುದುಕರ ದನದ ಕೊಟ್ಟಿಗೆಯಲ್ಲಿ ಬಿದ್ದಿದ್ದ ಕಾರು. ಯಾವ ಕಾಲದಲ್ಲೋ ಯಾವ ದೊರೆಯೋ ಬಿಟ್ಟುಹೋದ ವಿಲಾಯ್ತಿ ಸ್ಪೋರ್ಟ್ಸ್ ಕಾರು. ಮೇಲೆ ಮುಚ್ಚಳ ಇಲ್ಲ, ಬಾಗಿಲು ಮೊಣಕಾಲೆತ್ತರ. ಡ್ರೈವರ್ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ಎಲ್ಲಕ್ಕಿಂತ ಮುಖ್ಯವಾದ ವಿಷಯ ಏನೆಂದರೆ, ಸೀಟು ಇದ್ದದ್ದೇ ಎರಡು.

ಅದನ್ನು ಲಾರಿಗೆ ಹಗ್ಗ ಕಟ್ಟಿ ತುಮಕೂರಿಗೆ ಎಳೆದು ತಂದವನು ನಾನು. ಸ್ಟೀರಿಂಗ್ ಹಿಡಿದು ಭಾವ, ಪಕ್ಕದಲ್ಲಿ ಅಕ್ಕ, ಮುಂದೆ ಲಾರಿಯಲ್ಲಿ ನಾನು. ಹೆಬ್ಬೂರಿನಲ್ಲಿ ಟೀ ಕುಡಿಯಲು ನಿಲ್ಲಿಸಿದೆವು. ಜನ ಮುತ್ತಿಕೊಂಡರು. ಒಬ್ಬ ಕೇಳಿದ, "ಇದು ಕಾರಿನ ಮರಿಯಾ? ದೊಡ್ಡದಾದ್ಮೇಲೆ ನಾಕ್ ಬಾಗ್ಲು ಬತ್ತದಾ?" ಎಲ್ಲರೂ ನಕ್ಕರು, ನಾನೂ ನಕ್ಕೆ. ಆಗ ನಮ್ಮನ್ನು ಗುರುತಿಸಿದ ದೂರದ ನಂಟರ ಹೆಂಗಸೊಬ್ಬಳು ಜನರ ನಡುವಿನಿಂದಲೇ ಹೇಳಿದಳು, "ಅವ್ರಿಗೆ ಎರಡೇ ಸೀಟ್ ಸಾಕು ಬುಡ್ರಪ್ಪ, ಹಿಂದ್ಗಡೆ ಕೂರಕ್ಕೆ ಯಾರವ್ರೆ?"

ಅಕ್ಕನ ಮದುವೆಯಾಗಿ ಹದಿನೈದು ವರ್ಷ. ಮಕ್ಕಳಿಲ್ಲ.

ಅಕ್ಕ ಟೀ ಲೋಟ ಕೆಳಗಿಟ್ಟಳು. ಅರ್ಧವೂ ಕುಡಿದಿರಲಿಲ್ಲ. ನನಗೆ ಕೋಪ ಬಂದದ್ದು ಆ ಹೆಂಗಸಿನ ಮೇಲಲ್ಲ, ಭಾವನ ಮೇಲೆ. ಬೇರೆ ಕಾರು ಸಿಗಲಿಲ್ಲವಾ ಈ ಮನುಷ್ಯನಿಗೆ? ಅಂಬಾಸಡರು, ಫಿಯಟ್ಟು ಎಲ್ಲ ಸತ್ತುಹೋಗಿದ್ದವಾ? ಮೊದಲೇ ಅಕ್ಕ ನಾಮಕರಣ, ಸೀಮಂತ ಅಂತ ಯಾರು ಕರೆದರೂ ಹೋಗುವುದನ್ನು ಬಿಟ್ಟಿದ್ದಳು. ಅಂಥವಳನ್ನು ಎರಡೇ ಸೀಟಿನ ಗಾಡಿಯಲ್ಲಿ, ಅದೂ ಮುಚ್ಚಳ ಇಲ್ಲದ ಗಾಡಿಯಲ್ಲಿ ಕೂರಿಸಿಕೊಂಡು ಊರೂರು ಮೆರವಣಿಗೆ ಮಾಡುವುದು ಅಂದರೆ ಏನರ್ಥ? ಊರ ಬಾಯಿಗೆ ಹೆಂಡತಿಯನ್ನು ತಟ್ಟೆಯಲ್ಲಿಟ್ಟು ಬಡಿಸಿದ ಹಾಗಲ್ಲವೇ?

ಇದನ್ನು ನಾನು ಕೇಳಲಿಲ್ಲ. ಅಕ್ಕನ ಗಂಡ. "ಇನ್ನೊಂದ್ ಟೀ ತಗೋತೀರಾ ಭಾವ?" ಅಂತ ಕೇಳಿದೆ.

ಎಂಜಿನ್ನು ಬಿಚ್ಚಿದೆ. ಇಲ್ಲಿ ಒಂದು ಮಾತು ಹೇಳಬೇಕು. ಎಂಜಿನ್ನಿನ ಬ್ಲಾಕು ಅನ್ನುವ ಕಬ್ಬಿಣದ ಗಟ್ಟಿಯೊಳಗಿನ ಸಿಲಿಂಡರು ಸವೆದರೆ ಒಳಗಡೆ ಸ್ವಲ್ಪ ಕೊರೆದು ನಯ ಮಾಡಿ ದಪ್ಪ ಪಿಸ್ಟನ್ನು ಹಾಕುತ್ತೇವೆ. ಅದಕ್ಕೆ ಬೋರಿಂಗು ಅಂತಾರೆ, ಅದೇ ನನ್ನ ಅನ್ನ. ಆದರೆ ಎಷ್ಟು ಸಲ ಕೊರೆಯುವುದು? ಗೋಡೆ ತೆಳ್ಳಗಾಗುತ್ತಾ ಹೋಗುತ್ತದೆ. ಈ ಎಂಜಿನ್ನನ್ನು ದೊರೆಗಳ ಕಾಲದಿಂದ ಕೊರೆಸಿ ಕೊರೆಸಿ ಇಟ್ಟಿದ್ದರು. ನಾನು ಕೊರೆದದ್ದೇ ಕೊನೆ. ಭಾವನಿಗೆ ಬಿಡಿಸಿ ಹೇಳಿದೆ, "ಭಾವ, ಇನ್ನು ಮೇಲೆ ಇದಕ್ಕೆ ಏನಾದ್ರೂ ಆದ್ರೆ ಮುಗೀತು. ಬ್ಲಾಕು ಸಿಗಲ್ಲ, ಪಿಸ್ಟನ್ ಸಿಗಲ್ಲ. ಗುಜರಿಗೆ ತೂಕಕ್ಕೆ ಹಾಕ್ಬೇಕು. ಮೆತ್ತಗೆ ಓಡಿಸ್ಕಳಿ."

"ಮೆತ್ತಗೆ ಓಡುಸ್ತೀನಿ ಕಣಯ್ಯ" ಅಂದರು.

ಎಂಜಿನ್ನು ಹೊಲಿಗೆ ಮೆಷಿನ್ನಿನ ಹಾಗೆ ಓಡಿತು. ನನ್ನ ಕೈ ಕೆಲಸ, ಓಡದೆ ಏನು? ಮೂರು ತಿಂಗಳು ಸುಖವಾಗಿದ್ದೆ. ಆಮೇಲೆ ಒಂದು ದಿನ ಭಾವ ಗೋಣಿಚೀಲ ಹೊತ್ತು ಬಂದರು.

"ಬನ್ನಿ ಭಾವ, ಕೂತ್ಕಳಿ. ಕೊಬ್ಬರಿನಾ?"

"ಟರ್ಬೊ" ಅಂದರು.

ಚೀಲದಿಂದ ಬಿದ್ದದ್ದು ಎರಡು ದೊಡ್ಡ ಬಸವನ ಹುಳುಗಳನ್ನು ಬೆನ್ನಿಗೆ ಬೆನ್ನು ಅಂಟಿಸಿದಂಥ ಒಂದು ಕಬ್ಬಿಣದ ಮುದ್ದೆ. ಗಣಿಯಲ್ಲಿ ಮಣ್ಣು ಎತ್ತುವ ದೈತ್ಯ ಮೆಷಿನ್ನಿನದು, ಗುಜರಿ ಅಂಗಡಿಯಲ್ಲಿ ಸಿಕ್ಕಿತಂತೆ. ಎಂಜಿನ್ನು ಬಿಡುವ ಹೊಗೆ ಒಂದು ಕಡೆಯ ಚಕ್ರವನ್ನು ತಿರುಗಿಸುತ್ತದೆ, ಅದೇ ಸರಳಿಗೆ ಸೇರಿದ ಇನ್ನೊಂದು ಕಡೆಯ ಚಕ್ರ ಗಾಳಿಯನ್ನು ಹೀರಿ ಎಂಜಿನ್ನಿನ ಬಾಯಿಗೆ ತುರುಕುತ್ತದೆ. ಗಾಳಿ ಜಾಸ್ತಿ, ಪೆಟ್ರೋಲು ಜಾಸ್ತಿ, ಶಕ್ತಿ ಜಾಸ್ತಿ. ಡೀಸೆಲ್ ಮೆಷಿನ್ನುಗಳಲ್ಲಿ ನಾನೂ ನೋಡಿದ್ದೆ. ಆದರೆ ಈ ಕಾರಿನ ಎಂಜಿನ್ನು ತನಗೆ ಬೇಕಾದಷ್ಟು ಉಸಿರನ್ನು ತಾನೇ ಎಳೆದುಕೊಳ್ಳುವ ಎಂಜಿನ್ನು. ಅದು ಯಾರ ಹತ್ತಿರ ಹೋಗಿ ನನಗೆ ಗಾಳಿ ಸಾಲದು ಅಂತ ಅತ್ತಿತ್ತು?

"ಭಾವ, ಉಂಡು ಮಲಗಿರೋನನ್ನ ಎಬ್ಬಿಸಿ, ಬಾಯಿಗೆ ಕೊಳವೆ ಇಟ್ಟು ಮುದ್ದೆ ತುರುಕ್ದಂಗೆ ಆಗ್ತದೆ. ಹೊಟ್ಟೆ ಒಡೆಯುತ್ತೆ. ಕೊನೇ ಬೋರು ಅಂತ ಹೇಳಿದ್ನಲ್ಲ!"

"ಒಡೆಯಲ್ಲ ಬುಡು. ನಾನು ಲೆಕ್ಕ ಹಾಕಿದೀನಿ. ಅದೆಲ್ಲ ನಿಂಗೆ ಅರ್ಥ ಆಗಲ್ಲ, ಅದು ಹತ್ತನೇ ಕ್ಲಾಸಲ್ಲಿ ಬರ್ತದೆ."

ನನ್ನ ಕೈಯಲ್ಲಿ ದೊಡ್ಡ ಸ್ಪಾನರಿತ್ತು. ಅದನ್ನು ನಿಧಾನವಾಗಿ ಕೆಳಗಿಟ್ಟೆ. ಕಾಫಿ ತರಿಸಿದೆ.

ಅಷ್ಟಕ್ಕೂ ಈ ಶಕ್ತಿ ಯಾಕೆ ಬೇಕಾಗಿತ್ತು? ದೇವರಾಯನದುರ್ಗದ ಏರಿಗೆ! ವಿಜಯದಶಮಿಯ ದಿನ ಅಕ್ಕನನ್ನು ಕೂರಿಸಿಕೊಂಡು ಊರ್ಡಿಗೆರೆ ದಾಟಿ ದುರ್ಗಕ್ಕೆ ಎಲ್ಲೂ ನಿಲ್ಲದೆ ಹತ್ತಬೇಕಂತೆ. "ಈಗ್ಲೂ ಹತ್ತುತ್ತಲ್ಲ ಭಾವ, ಫಸ್ಟ್ ಗೇರಲ್ಲಿ ಹೋಗಿ" ಅಂದೆ. "ಹತ್ತುತ್ತೆ, ಆದ್ರೆ ತೆವಳ್ತದೆ" ಅಂದರು. ತೆವಳಿದರೆ ಏನು ಗಂಟು ಹೋಗುತ್ತದೆ? ದೇವರು ಬಾಗಿಲು ಹಾಕಿಕೊಂಡು ಹೋಗಿಬಿಡುತ್ತಾನಾ? ಖಡಾಖಂಡಿತವಾಗಿ ಆಗುವುದಿಲ್ಲ ಅಂದೆ. ಅವರು ಜಗಳ ಆಡಲಿಲ್ಲ. ದಿನಾ ಗುಬ್ಬಿಯಿಂದ ಬಸ್ಸಿನಲ್ಲಿ ಬಂದು ಶಾಪಿನ ಮುಂದೆ ಸ್ಟೂಲು ಹಾಕಿಕೊಂಡು, ಟರ್ಬೊವನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತರು. ಗಿರಾಕಿಗಳು ಬಂದರೆ "ಒಳಗವ್ನೆ, ಎಂಟೂವರೆ" ಅನ್ನುತ್ತಿದ್ದರು. ಎಂಟು ದಿನ! ಒಂಬತ್ತನೇ ದಿನ ಅಕ್ಕನೇ ಬಂದಳು.

"ಮಾಡ್ಕೊಡೋ. ಅವ್ರು ಸರ್ಯಾಗಿ ಊಟ ಮಾಡ್ತಿಲ್ಲ."

"ಅಲ್ಲ ಕಣಕ್ಕ, ಆ ಎಂಜಿನ್ನು ಒಡೆದೋದ್ರೆ?"

"ಒಡೆದ್ರೆ ಒಡೀಲಿ. ಮನೇಲಿ ಸದ್ದಾದ್ರೂ ಆಗ್ತದೆ."

ಅಕ್ಕ ಹೇಳಿದ ಮೇಲೆ ಇನ್ನೇನು? ಮಾಡಿದೆ. ಹಲ್ಲು ಕಚ್ಚಿಕೊಂಡು ಮಾಡಿದೆ. ಸಿಲಿಂಡರಿನ ಒಳಗಿನ ಒತ್ತಡ ತಗ್ಗಿಸದೆ ಇದನ್ನು ಕೂರಿಸಿದರೆ ಪಿಸ್ಟನ್ನು ಪುಡಿಯಾಗುತ್ತದೆ, ಅದಕ್ಕೆ ಎಂಜಿನ್ನಿನ ತಲೆಗೂ ಬ್ಲಾಕಿಗೂ ನಡುವೆ ದಪ್ಪ ತಾಮ್ರದ ತಗಡು ಬೇಕು ಅಂದೆ. ಮಾರನೇ ದಿನ ಭಾವ ತಾಮ್ರ ತಂದರು. ನೋಡಿದರೆ ಬಚ್ಚಲಮನೆಯ ಹಂಡೆ! ಅಕ್ಕನ ಮದುವೆಗೆ ನಮ್ಮಪ್ಪ ಕೊಟ್ಟ ಹಂಡೆ!

"ಭಾವ, ಇದು…"

"ನಿಮ್ಮಪ್ಪ ಗಟ್ಟಿ ಮಾಲೇ ಕೊಟ್ಟವ್ರೆ ಕಣಯ್ಯ. ಈ ದಪ್ಪ ಎಲ್ಲೂ ಸಿಗಲ್ಲ."

ಕೆಂಪಗೆ ಕಾಯಿಸಿ, ನೀರಿಗದ್ದಿ, ಮೆತ್ತಗಾದ ಮೇಲೆ ನಮ್ಮಪ್ಪನ ಹಂಡೆಯನ್ನು ಕತ್ತರಿಸಿ ಗ್ಯಾಸ್ಕೆಟ್ಟು ಮಾಡಿದೆ. ನಾಲ್ಕು ತೂತು ಕೊರೆಯುವಾಗ ಭಾವನನ್ನು ಮನಸ್ಸಿನಲ್ಲೇ ನಾಲ್ಕು ಸಲ ಬಯ್ದೆ, ಬಹುವಚನದಲ್ಲಿಯೇ. ಟರ್ಬೊಗೆ ಎಣ್ಣೆಯ ಪೈಪು ಎಳೆದೆ. ಟರ್ಬೊದಿಂದ ಕಾರ್ಬುರೇಟರಿಗೆ ದಪ್ಪ ರಬ್ಬರ್ ಕೊಳವೆ ಹಾಕಿದೆ. ಅದು ಬಿಚ್ಚಿಕೊಳ್ಳದ ಹಾಗೆ ಬಿಗಿಯುವ ಪಟ್ಟಿ, ಅಂದರೆ ಕ್ಲಾಂಪು, ಹಾಕುವುದು ಮಾತ್ರ ಭಾವನ ಕೆಲಸ ಆಯಿತು, ಯಾಕೆಂದರೆ ಅವರಿಗೂ ಏನಾದರೂ ಮಾಡಬೇಕಿತ್ತಲ್ಲ! ಬಾನೆಟ್ಟು ಮುಚ್ಚಲಾಗಲಿಲ್ಲ, ಕಿತ್ತು ಪಕ್ಕಕ್ಕಿಟ್ಟೆವು. ಈಗ ಕಾರಿನ ಮುಂದುಗಡೆ ಟರ್ಬೊದ ಬಾಯಿ ಹಸಿದ ಮರಿಹಕ್ಕಿಯ ಹಾಗೆ ಆಕಾಶ ನೋಡುತ್ತಿತ್ತು.

ಗುಬ್ಬಿ ರಸ್ತೆಯಲ್ಲಿ ಓಡಿಸಿ ನೋಡಿದೆವು. ಬೆಟ್ಟದಂಥ ಮೆಷಿನ್ನಿನ ಟರ್ಬೊ, ಬೆಂಕಿಪೊಟ್ಟಣದಂಥ ಎಂಜಿನ್ನು! ಚಕ್ರ ತಿರುಗಿ ಗಾಳಿ ಒತ್ತುವುದಕ್ಕೇ ಹತ್ತು ಎಣಿಸುವಷ್ಟು ಹೊತ್ತು ಬೇಕು. ಭಾವ ಆಕ್ಸಿಲರೇಟರು ಒತ್ತಿದರು, ಏನೂ ಇಲ್ಲ. ಇನ್ನೂ ಒತ್ತಿದರು, ಏನೂ ಇಲ್ಲ. "ಹಸಿವಾಗಿಲ್ಲ ಅನ್ಸುತ್ತೆ" ಅಂತ ನನ್ನ ಕಡೆ ತಿರುಗಿ ಮಾತು ಶುರು ಮಾಡಿದರು. ಆಗ ಬಂತು! ಕಿವಿ ಸೀಳುವ ಒಂದು ಶಿಳ್ಳೆ, ಬೆನ್ನಿಗೆ ಯಾರೋ ಒದ್ದ ಹಾಗೆ ಒಂದು ನೂಕು. ರಸ್ತೆ ತುಂಬ ಕುರಿ. ಭಾವ ಕಾಲು ತೆಗೆದರು, ಆದರೆ ಟರ್ಬೊಗೆ ಆ ಸುದ್ದಿ ಮುಟ್ಟುವುದಕ್ಕೂ ಸ್ವಲ್ಪ ಹೊತ್ತು ಬೇಕಲ್ಲ! ಕಾರು ರಸ್ತೆ ಬಿಟ್ಟು ರಾಗಿ ಹುಲ್ಲಿನ ಬಣವೆಗೆ ನುಗ್ಗಿ ನಿಂತಿತು. ಕುರಿ ಕಾಯುವವನು ಬಂದು ಬಗ್ಗಿ ನೋಡಿ ಕೇಳಿದ, "ಸೋಮಿ, ಹುಲ್ಲು ಮೇಯೋ ಕಾರಾ?"

ಹುಲ್ಲು ಕೊಡವಿಕೊಳ್ಳುತ್ತಾ ಭಾವ ಹೇಳಿದ್ದು ಒಂದೇ ಮಾತು. "ನೋಡ್ದೇನಯ್ಯಾ? ಬಂತು!"

ಆಯುಧಪೂಜೆ ಬಂತು. ಆ ದಿನ ನನ್ನ ಶಾಪಿನಲ್ಲಿ ಲೇತಿನಿಂದ ಹಿಡಿದು ಕಬ್ಬಿಣ ಉಜ್ಜುವ ಒಂದೊಂದು ಅರಕ್ಕೂ ವಿಭೂತಿ, ಕುಂಕುಮ, ಹೂವು. ನನಗೆ ಕೆಲಸ ಕಲಿಸಿದವರು ಒಂದು ಪದ್ಧತಿಯನ್ನೂ ಕಲಿಸಿದ್ದರು. ಪೂಜೆ ಮಾಡಿದ ಹೂವನ್ನು ಕೈಯಿಂದ ತೆಗೆಯಕೂಡದು. ಮಾರನೇ ದಿನ ಮೆಷಿನ್ನು ತಿರುಗಿದಾಗ ಅದು ತಾನಾಗಿ ಉದುರಬೇಕು, ಅದೇ ಮೆಷಿನ್ನು ಕೊಡುವ ಪ್ರಸಾದ. ಇವತ್ತಿಗೂ ನಾನು ಮೀರಿಲ್ಲ. ಭಾವನ ಕಾರೂ ಅಲ್ಲೇ ಇತ್ತು. ಚಕ್ರಕ್ಕೆ ನಿಂಬೆಹಣ್ಣು ಇಟ್ಟೆ, ದೀಪಗಳಿಗೆ ಕುಂಕುಮ ಇಟ್ಟೆ, ಎರಡು ಮೊಳ ಸೇವಂತಿಗೆಯನ್ನು ಟರ್ಬೊದ ಬಾಯಿಗೆ ಸುತ್ತಿ ತುದಿಯನ್ನು ಬೋಲ್ಟಿಗೆ ಕಟ್ಟಿದೆ.

"ಬಾಯಿಗೆ ಹೂವಾ? ಗಾಳಿ ಎಳ್ಕೊಳ್ಳೋ ಜಾಗ ಕಣಯ್ಯ ಅದು" ಅಂದರು ಭಾವ.

ನನಗೆ ಅಷ್ಟು ದಿನದ್ದೆಲ್ಲ ಒಟ್ಟಿಗೆ ಬಂತು. "ಲೆಕ್ಕ ನಿಮ್ದು, ಶಾಪು ನಂದು ಭಾವ. ಇಲ್ಲಿ ನನ್ನ ಪದ್ಧತಿ ನಡೀತದೆ!" ಅಂದೆ. ಸ್ವಲ್ಪ ಜೋರಾಗಿಯೇ ಅಂದೆ. ಹದಿನೈದು ವರ್ಷದಲ್ಲಿ ಮೊದಲ ಸಲ.

ಮಾರನೇ ಬೆಳಿಗ್ಗೆ ಹೊರಟೆವು. ಮುಂದೆ ಕಾರಿನಲ್ಲಿ ಅವರಿಬ್ಬರು, ಹಿಂದೆ ಮೋಟಾರ್ ಸೈಕಲ್ಲಿನಲ್ಲಿ ಟೂಲ್ಸ್ ಚೀಲ ಕಟ್ಟಿಕೊಂಡು ನಾನು. ಒಡೆದಾಗ ಚೂರು ಆರಿಸುವವನು ಒಬ್ಬ ಬೇಕಲ್ಲ! ಅಕ್ಕ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ಊರ್ಡಿಗೆರೆವರೆಗೆ ಭಾವ ಮೆತ್ತಗೆ ಹೋದರು, ಟರ್ಬೊ ಎದ್ದಿರಲಿಲ್ಲ, ಹೂವು ಕಟ್ಟಿದ ಹಾಗೇ ಇತ್ತು. ಏರು ಶುರುವಾಯಿತು. ದುರ್ಗಕ್ಕೆ ನಡೆದು ಹತ್ತುವ ಜನ ರಸ್ತೆಯ ಎರಡೂ ಕಡೆ. ಕಾರು ತೆವಳತೊಡಗಿತು. ನಡೆಯುವವರ ಸಮಕ್ಕೆ ಬಂತು. ಪೇಟ ಸುತ್ತಿದ ಒಬ್ಬ ಯಜಮಾನರು ಅಕ್ಕನ ಕಡೆಯ ಬಾಗಿಲ ಮೇಲೆ ಕೈಯಿಟ್ಟು, ಕಾರಿನ ಜೊತೆಗೇ ಹೆಜ್ಜೆ ಹಾಕುತ್ತಾ ಏನೋ ಕೇಳಿದರು. ಅಕ್ಕನ ತಲೆ ಬಗ್ಗಿತು. ಭಾವನ ಭುಜ ಬಿಗಿಯಾದದ್ದು ನನಗೆ ಹಿಂದಿನಿಂದ ಕಾಣಿಸಿತು.

ಒತ್ತಿದರು. ನಾನು ಎಣಿಸಿದೆ. ಒಂದು, ಎರಡು, ಮೂರು… ಒಡೆಯಿತು ನನ್ನ ಬ್ಲಾಕು ಅಂದುಕೊಂಡೆ. ಎಂಟು, ಒಂಬತ್ತು… ಶಿಳ್ಳೆ ಎದ್ದಿತು. ಬಾಯಿಯಲ್ಲಿದ್ದ ಎರಡು ಮೊಳ ಸೇವಂತಿಗೆ ಸರ್ರನೆ ಒಳಗೆ ಹೋಯಿತು. ಆಮೇಲೆ "ಫಟ್!"

ಭಾವನ ಕ್ಲಾಂಪು ಕಿತ್ತುಹೋಗಿತ್ತು. ರಬ್ಬರ್ ಕೊಳವೆ ಎಗರಿ ಸೀಟಿನ ಕಡೆಗೆ ಬಾಯಿ ತೆರೆಯಿತು. ಅದರಿಂದ ಸೇವಂತಿಗೆ! ಎಸಳು ಎಸಳಾಗಿ, ಹಳದಿ ಹಳದಿಯಾಗಿ, ಬುಸ್ಸೆಂದು! ಅಕ್ಕನ ತಲೆ ಮೇಲೆ, ಭಾವನ ಮೀಸೆ ಮೇಲೆ, ಯಜಮಾನರ ಪೇಟದ ಮೇಲೆ, ರಸ್ತೆ ಮೇಲೆ. ಕಾರು ಎರಡು ಸಲ ಕೆಮ್ಮಿ ನಡುರಸ್ತೆಯಲ್ಲಿ ನಿಂತಿತು. ಯಾವ ಜನರ ಕಣ್ಣಿಂದ ಅಕ್ಕನನ್ನು ಕಾಪಾಡಬೇಕಿತ್ತೋ ಅದೇ ಜನರ ಮಧ್ಯೆ!

ಆ ಯಜಮಾನರು ಪೇಟದ ಮೇಲಿನ ಎಸಳನ್ನು ತೆಗೆದು ನೋಡಿ ಹೇಳಿದರು, "ನಿಮ್ಗೆ ಇನ್ನೊಂದ್ಸಲ ಮದ್ವೆ ಆಯ್ತಲ್ಲವ್ವ!"

ಅಕ್ಕ ನಕ್ಕಳು. ನಗು ಅಂದರೆ ಸೆರಗು ಬಾಯಿಗಿಟ್ಟು ನಗುವ ನಗು ಅಲ್ಲ. ನಾನು ಎಂಟೂವರೆ ಕ್ಲಾಸು ಓದುವಾಗ ಮನೆಯಲ್ಲಿ ಕೇಳುತ್ತಿದ್ದ ನಗು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ. ಸುತ್ತ ನಿಂತ ಜನವೂ ನಕ್ಕಿತು. ಯಾರಿಗೂ ಏನೂ ಕೇಳುವುದು ನೆನಪಾಗಲಿಲ್ಲ.

ನಾನು ಗಾಡಿ ನಿಲ್ಲಿಸಿ ಓಡಿದೆ. ಮೊದಲು ಬ್ಲಾಕು ಮುಟ್ಟಿ ನೋಡಿದೆ. ಬಿರುಕಿಲ್ಲ, ಸೋರಿಕೆ ಇಲ್ಲ. ಕಾರ್ಬುರೇಟರಿನ ತುಂಬ ಹೂವಿನ ಚಟ್ನಿ. ಬಾಯಿಗೆ ಹೂವು ಕಟ್ಟಿದ ತಪ್ಪು ಯಾರದು ಅಂತ ಭಾವನಿಗೆ ಗೊತ್ತು. ಒಂದು ಮಾತು ಆಡಿದ್ದರೆ ಸಾಕಿತ್ತು, ನಾನು ಆ ದಿನ ಅಲ್ಲೇ ಜಗಳಕ್ಕೆ ಬೀಳುತ್ತಿದ್ದೆ. ಅವರು ಅದರ ಸುದ್ದಿಯೇ ಎತ್ತಲಿಲ್ಲ. ನನಗೆ ಅದಕ್ಕೂ ಕೋಪ ಬಂತು. ಮೆಲ್ಲಗೆ, ಅಕ್ಕನಿಗೆ ಕೇಳದ ಹಾಗೆ ಹಲ್ಲು ಕಚ್ಚಿ ಕೇಳಿದೆ, "ಯಾಕ್ ಭಾವ ಇದೆಲ್ಲ? ಫಸ್ಟ್ ಗೇರಲ್ಲಿ ತೆವಳ್ಕೊಂಡು ಹೋಗಿದ್ರೆ ಏನಾಗ್ತಿತ್ತು ನಿಮ್ಗೆ?"

ಭಾವ ಎಂಜಿನ್ನನ್ನೇ ನೋಡುತ್ತಾ ಹೇಳಿದರು. "ಇಳಿಜಾರಲ್ಲಿ, ಸಮತಟ್ಟಲ್ಲಿ ನಿಮ್ಮಕ್ಕ ನಗ್ನಗ್ತಾ ಇರ್ತಾಳೆ ಕಣೋ. ಏರಲ್ಲಿ ಗಾಡಿ ನಿಧಾನ ಆಗ್ತದಲ್ಲ, ಆಗ ಪಕ್ಕದಲ್ಲಿ ನಡೆಯೋರು ಬಾಗಿಲ ಮೇಲೆ ಕೈ ಇಡ್ತಾರೆ. ಯಾವೂರು ಅಂತಾರೆ. ಆಮೇಲೆ ಮಕ್ಳೆಷ್ಟು ಅಂತಾರೆ. ಕೆಟ್ಟೋರಲ್ಲ ಪಾಪ, ಮಾತಿಗೆ ಕೇಳ್ತಾರೆ. ಯಾವೂರು ಅಂದ್ಮೇಲೆ ಅದನ್ನ ಕೇಳಕ್ಕೆ ಮುಂಚೆ ಒಂದು ಚೂರು ಟೈಮ್ ಇರ್ತದೆ. ಅಷ್ಟ್ರಲ್ಲಿ ಗಾಡಿ ಮುಂದಕ್ಕೆ ಹೋಗ್ಬಿಡ್ಬೇಕು. ಅಷ್ಟೇ ನಂಗೆ ಬೇಕಾಗಿರೋದು." ಕರ್ಚೀಫಿನಿಂದ ಮೀಸೆಯ ಎಸಳು ಒರೆಸಿಕೊಂಡರು. "ಆಗ್ಲಿಲ್ಲ. ಬಿಚ್ಚಾಕ್ಬುಡು ಅತ್ಲಾಗೆ. ನೀನು ಹೇಳಿದ್ದೇ ಸರಿ."

ಹದಿನೈದು ವರ್ಷದಲ್ಲಿ ಅವರು ಮೊದಲ ಸಲ ನಾನು ಹೇಳಿದ್ದು ಸರಿ ಅಂದಿದ್ದರು. ಆ ಮಾತು ನನಗೆ ಬೇಡವಾಗಿತ್ತು.

"ಬಿಚ್ಚಲ್ಲ" ಅಂದೆ. "ಇದು ದೊಡ್ಡದಾಯ್ತು. ಇದರ ಅರ್ಧ ಸೈಜಿಂದು ಹುಡುಕಿ ತನ್ನಿ, ಎರಡು ಎಣಿಸೋದ್ರೊಳಗೆ ಏಳಬೇಕು ಅಂಥದ್ದು. ಕ್ಲಾಂಪು ಮಾತ್ರ ನೀವು ಮುಟ್ಟಬೇಡಿ. ನಿಮ್ಮ ಕೆಲಸ ಹೊಲಸು. ಸ್ಪಾನರ್ ಕೊಡಿ ಭಾವ."

ಕೊಟ್ಟರು. ಆರು ತಿಂಗಳು ಹಿಡಿಯಿತು ಆ ಕೆಲಸ. ನನ್ನ ಗಿರಾಕಿಗಳ ಕೆಲಸವನ್ನು ಪಕ್ಕಕ್ಕಿಟ್ಟು, ಭಾವನ ಲೆಕ್ಕವನ್ನು ಮೂರು ಸಲ ಹೇಳಿಸಿ ಕೇಳಿ ಮಾಡಿದೆ. ಅರ್ಥವೂ ಆಯಿತು, ಹತ್ತನೇ ಕ್ಲಾಸು ಅಂಥ ಕಷ್ಟವೇನಲ್ಲ. ಈಗ ದುರ್ಗದ ಏರಿನಲ್ಲಿ ಆ ಕಾರಿನ ಬಾಗಿಲ ಮೇಲೆ ಯಾರೂ ಕೈಯಿಡಲಾರರು. ಶಿಳ್ಳೆ ಕೇಳುವಷ್ಟರಲ್ಲಿ ಅದು ಮುಂದಿನ ತಿರುವಿನಲ್ಲಿರುತ್ತದೆ.

ಇವತ್ತಿಗೆ ನನ್ನ ಹತ್ತಿರ ಇರುವುದು ಲೇತು ಎರಡು, ಬೋರಿಂಗ್ ಮೆಷಿನ್ನು ಒಂದು, ಕೆಲಸಗಾರರು ಐದು ಜನ, ಮೋಟಾರ್ ಸೈಕಲ್ಲು ಒಂದು, ಅಕ್ಕ ಒಬ್ಬಳು, ಭಾವ ಒಬ್ಬರು.